ದಿಯುವಿನಲ್ಲಿ ನಿಂತಿರುವುದು ಮುಳುಗಿದ ಖುಕ್ರಿ ಹಡಗೇನಾ?

ಗುಜರಾತ್ ತೀರದ ದಿಯುಗೆ ಟೂರ್ ಹೋಗಿ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: “1971ರಲ್ಲಿ ಮುಳುಗಿದ ಐಎನ್‌ಎಸ್ ಖುಕ್ರಿಯನ್ನು ಮೇಲೆತ್ತಿ ಮ್ಯೂಸಿಯಂ ಮಾಡಿದ್ದಾರಂತೆ, ನಿಜಾನಾ?”

ಅಲ್ಲ. ಎಷ್ಟನೇ ಸಲ ಹೇಳುತ್ತಿದ್ದೇನೋ, ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ.

ಮುಳುಗಿದ ಖುಕ್ರಿ ಇಂದಿಗೂ ಸಮುದ್ರದ ತಳದಲ್ಲೇ ಇದೆ. 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ, ದಿಯು ತೀರದಿಂದ ಸುಮಾರು 40 ನಾಟಿಕಲ್ ಮೈಲಿ ಆಚೆ, ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಬಿಟ್ಟ ಟಾರ್ಪಿಡೊ ಬಡಿದು ಕೆಲವೇ ನಿಮಿಷಗಳಲ್ಲಿ ಹಡಗು ಕೆಳಗೆ ಹೋಯಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ಅದು ಅವರೆಲ್ಲರ ಸಮಾಧಿ. ಎತ್ತಿ ತಂದು ಬಣ್ಣ ಬಳಿದು ತೋರಿಸೋ ವಸ್ತುವಾ?

ದಿಯುವಿನಲ್ಲಿರುವುದು ಅದೇ ಹೆಸರಿನ ಇನ್ನೊಂದು ಹಡಗು. ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಕಾರ್ವೆಟ್, ಅಂದರೆ ಸಣ್ಣ ಯುದ್ಧಹಡಗು. 1989ರಲ್ಲಿ ನೌಕಾಪಡೆ ಸೇರಿ, 32 ವರ್ಷ ದುಡಿದು, 2021ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದಲ್ಲಿ ನಿವೃತ್ತಿಯಾಯಿತು. ಮುಂದಿನ ತಿಂಗಳೇ ದಿಯು ಆಡಳಿತಕ್ಕೆ ಕೊಟ್ಟರು.

ಗೊಂದಲ ಆಗೋದು ಸಹಜ, ಒಪ್ಪುತ್ತೇನೆ. ಹಳೆಯದರ ನಂಬರ್ ಎಫ್ 149, ಹೊಸದರದ್ದು ಪಿ 49. ಉದ್ದವೂ ಎರಡಕ್ಕೂ 90 ಮೀಟರ್ ಆಸುಪಾಸು. ಆದರೆ ಕಣ್ಣು ಬಿಟ್ಟು ನೋಡಿದರೆ ಸಾಕು. ಹಳೆಯದು ಬ್ರಿಟನ್‌ನಲ್ಲಿ ಕಟ್ಟಿದ, 1958ರಲ್ಲಿ ನಮ್ಮ ನೌಕಾಪಡೆ ಸೇರಿದ, ಸಬ್‌ಮರೀನ್ ಬೇಟೆಗೆಂದೇ ಮಾಡಿದ ಫ್ರಿಗೇಟ್. ಅದರಲ್ಲಿ ಒಂದೇ ಒಂದು ಕ್ಷಿಪಣಿ ಇರಲಿಲ್ಲ. ಕಾರ್ವೆಟ್ ಇದ್ದದ್ದೇ ಕ್ಷಿಪಣಿ ಹಾರಿಸಲು. ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು, “ಇದೇ ಆ ಹಡಗು” ಅಂತ ಸ್ಟೇಟಸ್ ಹಾಕಿದರೆ ಏನು ಹೇಳೋದು?

ಹೆಸರು ಮಾತ್ರ ಬೇಕಂತಲೇ ಇಟ್ಟದ್ದು. ಹಡಗು ಹೋದರೂ ಹೆಸರು ಉಳಿಯಬೇಕು ಅನ್ನೋದು ನೌಕಾಪಡೆಯ ರೂಢಿ. ಆ ರಾತ್ರಿ ಖುಕ್ರಿಯ ಜೊತೆಗಿದ್ದ ಕೃಪಾಣ್‌ನ ಹೆಸರೂ ಹೀಗೇ ಒಂದು ಕಾರ್ವೆಟ್‌ಗೆ ಬಂತು. ಅದನ್ನು 2023ರಲ್ಲಿ ವಿಯೆಟ್ನಾಂಗೆ ಕೊಟ್ಟುಬಿಟ್ಟೆವು.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಕ್ಷಿಪಣಿ ದೋಣಿ ಚಪಲ್, ನಮ್ಮವರ ಬಾಯಲ್ಲಿ ಚಾಪೆಲ್, 1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ್ದೂ ಅಲ್ಲ. ಡಿಸೆಂಬರ್ 4ರ ರಾತ್ರಿ ಹೊಡೆದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್, ವೀರ್. ಚಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ, ಮಾರಾಯ್ರೆ.