ವುಡ್ರೋ ವಿಲ್ಸನ್ ಹೆಸರಿನ ಜಗಳ ನೂರು ವರ್ಷ ಹಳೆಯದು

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2020ರ ಜೂನ್‌ನಲ್ಲಿ ತನ್ನ ಸಾರ್ವಜನಿಕ ನೀತಿ ಶಾಲೆಗಿದ್ದ ವುಡ್ರೋ ವಿಲ್ಸನ್ ಅವರ ಹೆಸರನ್ನು, ಅವರ ವರ್ಣಭೇದದ ಕಾರಣಕ್ಕೆ, ತೆಗೆದುಹಾಕಿತು. ವಿಲ್ಸನ್ ಆ ದೇಶದ 28ನೇ ಅಧ್ಯಕ್ಷರು. ಅದಕ್ಕೂ ಮೊದಲು ಅದೇ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು. ಆಗಿನಿಂದ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ: ನೂರು ವರ್ಷದ ಹಿಂದಿನವರನ್ನು ಇವತ್ತಿನ ಅಳತೆಗೋಲಿನಿಂದ ಅಳೆಯೋದು ಸರೀನಾ? ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ಆ ಕಾಲದ ಕಾಗದಪತ್ರಗಳನ್ನು ತಿರುವಿ ನೋಡಿ. ಇವತ್ತು ಎದ್ದಿರುವ ಮುಖ್ಯ ಆಕ್ಷೇಪಗಳನ್ನೆಲ್ಲ ಅವರ ಕಾಲದವರೇ ಎತ್ತಿದ್ದರು, ಅದೂ ಕೆಲವರು ಅವರ ಎದುರಿಗೇ ನಿಂತು.

ಮೊದಲು ಅವರ ಬದುಕನ್ನು ಬೇಗ ನೋಡಿಬಿಡೋಣ. ವಿಲ್ಸನ್ 1856ರಲ್ಲಿ ವರ್ಜೀನಿಯಾದಲ್ಲಿ, ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದರು. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದಲ್ಲಿ ಬೆಳೆದರು. ಪ್ರೊಫೆಸರ್ ಆದರು, 1902ರಲ್ಲಿ ಪ್ರಿನ್ಸ್‌ಟನ್ ಮುಖ್ಯಸ್ಥರಾದರು, ಆಮೇಲೆ ನ್ಯೂಜೆರ್ಸಿಯ ಗವರ್ನರ್, 1912ರ ಚುನಾವಣೆ ಗೆದ್ದು ಅಧ್ಯಕ್ಷರು. ಪಿಎಚ್‌.ಡಿ ಮಾಡಿದ ಏಕೈಕ ಅಮೆರಿಕನ್ ಅಧ್ಯಕ್ಷರು ಇವತ್ತಿಗೂ ಅವರೇ. ಫೆಡರಲ್ ರಿಸರ್ವ್ ಬ್ಯಾಂಕ್ ವ್ಯವಸ್ಥೆ ಬಂದದ್ದು, ರೈಲ್ವೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಕೆಲಸದ ಕಾಯ್ದೆ ಆದದ್ದು, ಸುಪ್ರೀಂ ಕೋರ್ಟಿಗೆ ಮೊದಲ ಯಹೂದಿ ನ್ಯಾಯಮೂರ್ತಿ ಬಂದದ್ದು ಎಲ್ಲ ಅವರ ಅವಧಿಯಲ್ಲೇ. ಮೊದಲ ಮಹಾಯುದ್ಧ, ದೇಶಗಳ ನಡುವೆ ಶಾಂತಿ ಕಾಯುವ ರಾಷ್ಟ್ರಗಳ ಒಕ್ಕೂಟದ ಕನಸು, ನೊಬೆಲ್ ಶಾಂತಿ ಪ್ರಶಸ್ತಿ ನಂತರದ್ದು. ಇದು ಸಣ್ಣ ಪಟ್ಟಿಯಲ್ಲ, ಇದನ್ನು ಮರೆತು ಮಾತಾಡೋದು ಸರಿಯಲ್ಲ.

ಜಗಳದ ಬೇರು ಇರೋದು 1912ರಿಂದ 1914ರ ನಡುವೆ. ಆ ಚುನಾವಣೆಯಲ್ಲಿ ವಿಲ್ಸನ್ ಕಪ್ಪು ವರ್ಣೀಯರ ಮತ ಕೇಳಿದ್ದರು, ತಮ್ಮಿಂದ ನ್ಯಾಯ ಸಿಗುತ್ತದೆ ಎಂದು ಪತ್ರದಲ್ಲೇ ಭರವಸೆ ಕೊಟ್ಟಿದ್ದರು. ಕಪ್ಪು ವರ್ಣೀಯರ ದೊಡ್ಡ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ವಿಲ್ಸನ್‌ರನ್ನು ಬೆಂಬಲಿಸಿದರು. ಗುಲಾಮಗಿರಿಯನ್ನು ಕೊನೆಗಾಣಿಸಿದ ಅಧ್ಯಕ್ಷ ಲಿಂಕನ್ ಕಾಲದಿಂದ ರಿಪಬ್ಲಿಕನ್ ಪಕ್ಷಕ್ಕೇ ಅಂಟಿಕೊಂಡಿದ್ದ ಸಮುದಾಯದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯ ಪರ ನಿಲ್ಲೋದು ಆಗ ಸುಲಭದ ಮಾತಾಗಿರಲಿಲ್ಲ.

ಇನ್ನೊಂದು ವಿಷಯ ಇಲ್ಲಿ ಗೊತ್ತಿರಬೇಕು. ವಾಷಿಂಗ್ಟನ್‌ನ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಪ್ಪು ನೌಕರರು ಬಿಳಿಯರ ಜೊತೆ ದಶಕಗಳಿಂದ ಕೆಲಸ ಮಾಡುತ್ತಿದ್ದರು. ಎಲ್ಲವೂ ಸರಿಯಿತ್ತು ಅಂತಲ್ಲ, ತಾರತಮ್ಯ ಇದ್ದೇ ಇತ್ತು. ಆದರೂ ಪರೀಕ್ಷೆ ಪಾಸು ಮಾಡಿ ಗುಮಾಸ್ತರಾಗಿ ಸೇರಿ, ಬಡ್ತಿ ಪಡೆದು, ಮನೆ ಕಟ್ಟಿ, ಮಕ್ಕಳನ್ನು ಓದಿಸೋ ದಾರಿ ಅಲ್ಲಿ ತೆರೆದಿತ್ತು. ದೇಶದ ಬೇರೆ ಕಡೆ ಆ ದಾರಿ ಬಹುತೇಕ ಮುಚ್ಚಿತ್ತು.

1913ರ ಏಪ್ರಿಲ್‌ನ ಸಂಪುಟ ಸಭೆಯಲ್ಲಿ ಅಂಚೆ ಖಾತೆಯ ಸಚಿವರು ಬಿಳಿಯರನ್ನೂ ಕಪ್ಪು ವರ್ಣೀಯರನ್ನೂ ಬೇರೆ ಬೇರೆ ಕೂರಿಸಬೇಕು ಎಂದು ವಿಷಯ ಎತ್ತಿದರು. ಅಧ್ಯಕ್ಷರು ಬೇಡ ಅನ್ನಲಿಲ್ಲ. ಇದಕ್ಕೆ ಅಂತ ಅಧ್ಯಕ್ಷರ ಸಹಿ ಇರುವ ಒಂದು ಆದೇಶವೂ ಇಲ್ಲ. ಅಂಚೆ, ಖಜಾನೆ ಇಲಾಖೆಗಳ ಒಳಗೆ ಸದ್ದಿಲ್ಲದೆ ಒಂದೊಂದೇ ಕೋಣೆ ಬದಲಾಯಿತು. ಊಟದ ಮೇಜು ಬೇರೆಯಾಯಿತು, ಶೌಚಾಲಯ ಬೇರೆಯಾಯಿತು, ಮಧ್ಯೆ ಪರದೆಗಳು ಎದ್ದವು. ಬೆಂಬಲಿಸಿದ್ದ ಡುಬಾಯ್ಸ್ ಅವರೇ ಆ ವರ್ಷದ ಸೆಪ್ಟೆಂಬರ್‌ನಲ್ಲಿ ವಿಲ್ಸನ್‌ಗೆ ಬಹಿರಂಗ ಪತ್ರ ಬರೆದರು. ಅದರಲ್ಲಿ ಒಬ್ಬ ಗುಮಾಸ್ತರ ಸಂಗತಿ ಬರುತ್ತದೆ. ಅವರ ಕೆಲಸ ಎಂಥದ್ದೆಂದರೆ ಅವರನ್ನು ಬೇರೆ ಕೋಣೆಗೆ ಹಾಕೋಕೆ ಆಗುತ್ತಿರಲಿಲ್ಲ. ಹಾಗಾಗಿ ಅಲ್ಲೇ, ಎಷ್ಟೋ ವರ್ಷ ಜೊತೆಗೆ ಕೂತಿದ್ದ ಬಿಳಿ ಸಹೋದ್ಯೋಗಿಗಳ ನಡುವೆಯೇ, ಅವರ ಸುತ್ತ ಒಂದು ಪಂಜರ ಕಟ್ಟಿದರು. ಆ ಮನುಷ್ಯ ಮಾರನೇ ದಿನವೂ ಬಂದು ಅದರೊಳಗೆ ಕೂತು ಲೆಕ್ಕ ಬರೆದಿರಬೇಕಲ್ವಾ? ಸಂಬಳ ಬೇಕಲ್ಲ.

1914ರಲ್ಲಿ ಇನ್ನೊಂದು ನಿಯಮ ಬಂತು. ಕೇಂದ್ರ ಸರ್ಕಾರದ ಕೆಲಸಕ್ಕೆ ಅರ್ಜಿ ಹಾಕುವವರು ಫೋಟೋ ಅಂಟಿಸಬೇಕು. ಮೇಲ್ನೋಟಕ್ಕೆ ಯಾರೂ ತಪ್ಪು ಹೇಳೋಕಾಗದ ನಿಯಮ. ಆದರೆ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿರಲಿ, ಆಯ್ಕೆ ಮಾಡುವವರ ಕಣ್ಣಿಗೆ ಮೊದಲು ಬೀಳೋದು ಮೈಬಣ್ಣ. ಇತ್ತೀಚೆಗೆ ಅರ್ಥಶಾಸ್ತ್ರಜ್ಞರು ಆ ಕಾಲದ ನೌಕರರ ದಾಖಲೆಗಳನ್ನು ಜನಗಣತಿಯ ಜೊತೆ ಇಟ್ಟು ನೋಡಿದ್ದಾರೆ. ವಿಲ್ಸನ್ ಅವಧಿಯಲ್ಲಿ ಕಪ್ಪು ಮತ್ತು ಬಿಳಿ ನೌಕರರ ಸಂಬಳದ ಅಂತರ ಜಾಸ್ತಿಯಾಯಿತು. ಸ್ವಂತ ಮನೆ ಮಾಡಿಕೊಳ್ಳೋದರಲ್ಲೂ ಆ ಕುಟುಂಬಗಳು ಹಿಂದೆ ಬಿದ್ದವು.

ವಿರೋಧ ಆಗಲೇ ಶುರುವಾಗಿತ್ತು. ಬಾಸ್ಟನ್‌ನ ಪತ್ರಿಕಾ ಸಂಪಾದಕ ವಿಲಿಯಂ ಮನ್ರೋ ಟ್ರಾಟರ್ 1913ರಲ್ಲಿ 20,000 ಜನರ ಸಹಿ ಇರುವ ಮನವಿ ಹಿಡಿದು ಶ್ವೇತಭವನಕ್ಕೆ ಹೋದರು. ನೋಡೋಣ ಅಂದರು ವಿಲ್ಸನ್. ಒಂದು ವರ್ಷ ಏನೂ ಆಗಲಿಲ್ಲ. 1914ರ ನವೆಂಬರ್ 12ರಂದು ಟ್ರಾಟರ್ ಮತ್ತೆ ಹೋದರು. ಬೇರೆ ಕೂರಿಸೋದು ಅವಮಾನವಲ್ಲ, ಅದು ನಿಮಗೇ ಒಳ್ಳೆಯದು ಎಂದು ವಿಲ್ಸನ್ ವಿವರಿಸಿದರು. ಟ್ರಾಟರ್ ಒಪ್ಪಲಿಲ್ಲ. ಎರಡು ವರ್ಷದ ಹಿಂದೆ ನಿಮ್ಮನ್ನು ಎರಡನೇ ಲಿಂಕನ್ ಅಂದುಕೊಂಡಿದ್ದೆವು ಎಂದು ನೆನಪಿಸಿದರು. ನಿಮ್ಮ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ, ಮುಂದೆ ಬರುವುದಾದರೆ ಬೇರೆಯವರನ್ನು ಮುಂದಾಳಾಗಿ ಕಳಿಸಿ ಎಂದು ಅಧ್ಯಕ್ಷರು ಮಾತು ಮುಗಿಸಿದರು. ಮಾರನೇ ದಿನ ಇದು ಪತ್ರಿಕೆಗಳ ಮುಖಪುಟದಲ್ಲಿತ್ತು. ಗುಟ್ಟಿನ ವಿಷಯವಾಗಿರಲಿಲ್ಲ. ಹಾಗಾಗಿ "ಆ ಕಾಲವೇ ಹಾಗಿತ್ತು" ಅನ್ನುವವರು ಆ ಕೋಣೆಯಲ್ಲಿ ನಿಂತಿದ್ದ ಟ್ರಾಟರ್ ಕೂಡ ಅದೇ ಕಾಲದವರು ಅನ್ನೋದನ್ನು ಮರೆಯಬಾರದು.

1915ರಲ್ಲಿ, ಕಪ್ಪು ವರ್ಣೀಯರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಅನ್ನು ವೀರರ ಪಡೆಯಂತೆ ತೋರಿಸಿದ ಮೂಕಿ ಚಿತ್ರವೊಂದು ಶ್ವೇತಭವನದಲ್ಲಿ ಪ್ರದರ್ಶನವಾಯಿತು. ವಿಲ್ಸನ್ ಅದನ್ನು ಹಾಡಿ ಹೊಗಳಿದರು ಅಂತ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಬಿಟ್ಟುಬಿಡಿ. ಆದರೆ ವಿಲ್ಸನ್ ಬರೆದ ಇತಿಹಾಸ ಪುಸ್ತಕದ ಸಾಲುಗಳು ಆ ಚಿತ್ರದ ಪರದೆಯ ಮೇಲೆ ಬಂದದ್ದಂತೂ ನಿಜ.

ಹೊರಗಿನ ಪ್ರಪಂಚಕ್ಕೆ ಮಾತ್ರ ಅವರು ಬೇರೆಯೇ ಮನುಷ್ಯ. ಸಣ್ಣ ರಾಷ್ಟ್ರಗಳೂ ತಮ್ಮ ಆಡಳಿತವನ್ನು ತಾವೇ ನಿರ್ಧರಿಸಬೇಕು ಅನ್ನೋ ಅವರ ಮಾತುಗಳಿಂದ ಈಜಿಪ್ಟ್, ಕೊರಿಯಾ, ಚೀನಾ, ನಮ್ಮ ದೇಶ ಎಲ್ಲ ಕಡೆ ಆಸೆ ಚಿಗುರಿತು. ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಹೋಮ್ ರೂಲ್ ಚಳವಳಿಯ ಎಸ್. ಸುಬ್ರಮಣ್ಯ ಅಯ್ಯರ್ 1917ರಲ್ಲಿ ವಿಲ್ಸನ್‌ಗೆ ನೇರ ಪತ್ರ ಬರೆದರು. ಬ್ರಿಟಿಷರು ಕೆಂಡಾಮಂಡಲವಾದರು, ಅಯ್ಯರ್ ತಮ್ಮ ಸರ್ ಪದವಿಯನ್ನೇ ಬಿಟ್ಟರು. 1919ರಲ್ಲಿ ಪ್ಯಾರಿಸ್‌ನ ಶಾಂತಿ ಸಮ್ಮೇಳನದಲ್ಲಿ ಜನಾಂಗಗಳ ಸಮಾನತೆಯ ಒಂದು ಸಾಲು ರಾಷ್ಟ್ರಗಳ ಒಕ್ಕೂಟದ ಒಪ್ಪಂದದಲ್ಲಿರಲಿ ಎಂದು ಜಪಾನ್ ಕೇಳಿತು. 17 ಮತಗಳಲ್ಲಿ 11 ಪರವಾಗಿದ್ದವು. ಎಲ್ಲರೂ ಒಪ್ಪಿಲ್ಲ, ಹಾಗಾಗಿ ಆಗದು ಎಂದು ಸಭೆಯ ಅಧ್ಯಕ್ಷರಾಗಿದ್ದ ವಿಲ್ಸನ್ ತೀರ್ಪು ಕೊಟ್ಟರು. (ಅವರ ಹಿರಿಯ ಮಗಳು ಮಾರ್ಗರೆಟ್ ಮುಂದೆ ಪುದುಚೇರಿಗೆ ಬಂದು, ಅರವಿಂದಾಶ್ರಮದಲ್ಲಿ ನಿಷ್ಠಾ ಎಂಬ ಹೆಸರಿನಲ್ಲಿ ಬದುಕಿ, 1944ರಲ್ಲಿ ಅಲ್ಲೇ ತೀರಿಕೊಂಡರು. ನಮ್ಮಲ್ಲಿ ಇದು ಗೊತ್ತಿರುವವರು ಕಡಿಮೆ.)

ವಿಲ್ಸನ್ 1924ರಲ್ಲಿ ನಿಧನರಾದರು. ಎರಡನೇ ಮಹಾಯುದ್ಧ ಮುಗಿದು ವಿಶ್ವಸಂಸ್ಥೆ ಹುಟ್ಟಿದ ಮೇಲೆ, ಇದನ್ನು ಮೊದಲೇ ಕಂಡವರು ಅವರು ಅನ್ನೋ ಗೌರವ ಬೆಳೆಯಿತು. 1948ರಲ್ಲಿ ಇತಿಹಾಸಕಾರರ ಸಮೀಕ್ಷೆಯೊಂದು ಅಮೆರಿಕದ ಅಧ್ಯಕ್ಷರ ಸಾಲಿನಲ್ಲಿ ಅವರಿಗೆ ನಾಲ್ಕನೇ ಸ್ಥಾನ ಕೊಟ್ಟಿತು. ಪ್ರಿನ್ಸ್‌ಟನ್ ಶಾಲೆಗೆ ಅವರ ಹೆಸರಿಟ್ಟದ್ದೂ ಅದೇ ವರ್ಷ. ಹೆಸರಿಡುವಾಗ ಡುಬಾಯ್ಸ್ ಪತ್ರವಾಗಲಿ, ಟ್ರಾಟರ್ ಮನವಿಯಾಗಲಿ ಲೆಕ್ಕಕ್ಕೆ ಬಂದಂತೆ ಕಾಣುವುದಿಲ್ಲ. ಅಂಥ ತೀರ್ಮಾನ ಮಾಡುವ ಕೋಣೆಗಳಿಗೆ ಕಪ್ಪು ವರ್ಣೀಯರಿಗೆ ಆಗ ಪ್ರವೇಶವೇ ಇರಲಿಲ್ಲ ಅನ್ನಬಹುದು. ವಿಲ್ಸನ್ ಮುಖ್ಯಸ್ಥರಾಗಿದ್ದಾಗ, 1909ರಲ್ಲಿ, ಕಪ್ಪು ವಿದ್ಯಾರ್ಥಿಯೊಬ್ಬರಿಗೆ ಪ್ರಿನ್ಸ್‌ಟನ್‌ಗೆ ಬರೋದು ಸೂಕ್ತವಲ್ಲ ಎಂದೇ ಉತ್ತರ ಹೋಗಿತ್ತು.

2015ರ ನವೆಂಬರ್‌ನಲ್ಲಿ ಅದೇ ಕ್ಯಾಂಪಸ್ಸಿನ ಕಪ್ಪು ವಿದ್ಯಾರ್ಥಿಗಳು ಮುಖ್ಯಸ್ಥರ ಕಚೇರಿಯಲ್ಲಿ ಧರಣಿ ಕೂತರು. ಸಮಿತಿಯಾಯಿತು, ಚರ್ಚೆಯಾಯಿತು, 2016ರಲ್ಲಿ ಹೆಸರು ಇರಲಿ ಎಂದು ತೀರ್ಮಾನವಾಯಿತು. 2019ರಲ್ಲಿ ಕಟ್ಟಡದ ಎದುರು ವಿಲ್ಸನ್‌ರ ಒಳಿತು ಕೆಡುಕು ಎರಡನ್ನೂ ಹೇಳುವ ಕಪ್ಪು ಬಿಳುಪಿನ ಸ್ತಂಭಗಳು ಎದ್ದವು. ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ನಂತರ, 2020ರಲ್ಲಿ, ಆಡಳಿತ ಮಂಡಳಿ ಮನಸ್ಸು ಬದಲಿಸಿತು. ಅವರ ವರ್ಣಭೇದ ಅವರದ್ದೇ ಕಾಲದ ಅಳತೆಯಲ್ಲೂ ಗಂಭೀರವಾಗಿತ್ತು ಎಂದು ಆಗಿನ ಮುಖ್ಯಸ್ಥರು ಬರೆದರು. ನನಗೆ ಈ ಇಡೀ ಗಲಾಟೆಯಲ್ಲಿ ಅತಿ ಸರಿಯಾದ ಮಾತು ಅದೇ ಅನ್ನಿಸುತ್ತದೆ. ಐದು ವರ್ಷ ಮೊದಲೇ ಬಂದಿದ್ದರೆ ಚೆನ್ನಾಗಿರುತ್ತಿತ್ತು.

ಈಗ ವಿಷಯ ಇನ್ನೂ ಸಿಕ್ಕಾಗಿದೆ. ಬಲಪಂಥದ ಕೆಲವರಿಗೂ ವಿಲ್ಸನ್ ಬೇಡ, ಅವರ ಸಿಟ್ಟು ವಿಲ್ಸನ್ ಅವಧಿಯ ಆದಾಯ ತೆರಿಗೆ, ದೊಡ್ಡ ಸರ್ಕಾರದ ಮೇಲೆ. ವಿಲ್ಸನ್ ಆಡಳಿತದಲ್ಲಿ ಯುದ್ಧ ವಿರೋಧಿ ಭಾಷಣಕ್ಕೆ ಸಮಾಜವಾದಿ ನಾಯಕ ಯೂಜಿನ್ ಡೆಬ್ಸ್‌ಗೆ 10 ವರ್ಷ ಜೈಲು ಶಿಕ್ಷೆಯಾದದ್ದು ಎಡಪಂಥೀಯರ ನೆನಪಿನಲ್ಲಿದೆ. ಸಿ-ಸ್ಪ್ಯಾನ್ ಟಿವಿ ಸಂಸ್ಥೆಯ ಇತಿಹಾಸಕಾರರ ಸಮೀಕ್ಷೆಯಲ್ಲಿ 2000ದಲ್ಲಿ 6ನೇ ಸ್ಥಾನದಲ್ಲಿದ್ದವರು 2021ಕ್ಕೆ 13ಕ್ಕೆ ಇಳಿದರು. ಅವರಿಗಿಂತ ಹಿಂದಿನ ಅಧ್ಯಕ್ಷರಾದ ಜೆಫರ್ಸನ್, ಜಾಕ್ಸನ್, ಥಿಯೋಡರ್ ರೂಸ್‌ವೆಲ್ಟ್ ಸುತ್ತಲೂ ಇಂಥದ್ದೇ ವಾದ ನಡೆದಿದೆ, ಆದರೆ ಪ್ರತಿಯೊಬ್ಬರ ಲೆಕ್ಕವೂ ಬೇರೆ, ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಏನೂ ಅರ್ಥವಾಗುವುದಿಲ್ಲ.

ವಾಷಿಂಗ್ಟನ್‌ನಲ್ಲಿ ವಿಲ್ಸನ್ ಹೆಸರಿದ್ದ ಸರ್ಕಾರಿ ಹೈಸ್ಕೂಲು 2022ರಿಂದ ಜಾಕ್ಸನ್-ರೀಡ್ ಹೈಸ್ಕೂಲು. ಎಡ್ನಾ ಜಾಕ್ಸನ್ ಅಲ್ಲಿನ ಮೊದಲ ಕಪ್ಪು ಶಿಕ್ಷಕಿ, ವಿನ್ಸೆಂಟ್ ರೀಡ್ ಮೊದಲ ಕಪ್ಪು ಪ್ರಿನ್ಸಿಪಾಲ್. ಪೊಟೊಮ್ಯಾಕ್ ನದಿಯ ದೊಡ್ಡ ಸೇತುವೆಗೆ ವಿಲ್ಸನ್ ಹೆಸರು ಹಾಗೇ ಇದೆ. ಪ್ರಿನ್ಸ್‌ಟನ್ ತನ್ನ ಹಳೆಯ ವಿದ್ಯಾರ್ಥಿಗಳಿಗೆ ಕೊಡುವ ದೊಡ್ಡ ಗೌರವವೂ ವಿಲ್ಸನ್ ಪ್ರಶಸ್ತಿಯೇ. ದತ್ತಿ ಕೊಟ್ಟವರ ಷರತ್ತು ಇರುವುದರಿಂದ ಅದನ್ನು ಬದಲಿಸೋಕೆ ಆಗುವುದಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿದೆ.