ಬೋಲ್ಟ್ ಕೂತರೆ ಫೋರ್ಕ್ ಕೂತಂತಲ್ಲ

ನನ್ನ ಹಳೇ ಬೈಕ್ ಯೆಜ್ಡಿ ರೋಡ್‌ಕಿಂಗ್‌ಗೆ ಡಿಸ್ಕ್ ಬ್ರೇಕ್ ಇರುವ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಜೋಡಿ ಕೊಳವೆ) ಹಾಕಿಸೋಣ ಅಂತ ಹೊರಟಾಗ ಕೇಳಿದವರೆಲ್ಲ ಒಂದೇ ಮಾತು ಹೇಳಿದರು. "ಕೋನ್ ಸೆಟ್ ಕೂರುತ್ತಾ ನೋಡಿ ಸಾರ್. ಕೂತರೆ ಮುಗೀತು." ಕೋನ್ ಸೆಟ್ ಅಂದರೆ ಹ್ಯಾಂಡಲ್ ತಿರುಗುವ ಕಂಬದ ಬೇರಿಂಗ್ ಜೋಡಿ. ಅದು ಕೂತರೆ ಮುಗಿಯುವುದಿಲ್ಲ. ಅಲ್ಲಿಂದಲೇ ಶುರುವಾಗುವುದು.

ಯೆಜ್ಡಿಯವರ ಕಷ್ಟ ಗೊತ್ತಲ್ಲ. ಅದನ್ನು ಮಾಡುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಮುಂದಿನ ಡ್ರಮ್ ಬ್ರೇಕ್ ಇವತ್ತಿನ ಟ್ರಾಫಿಕ್ಕಿಗೆ ಸಾಲದು. ಒಳ್ಳೆಯ ಫೋರ್ಕ್ ಪೈಪ್ ಸಿಗುವುದೂ ಕಷ್ಟ. ಹಾಗಾಗಿ ಗುಜರಿಗೆ ಹೋಗಿ ಪಲ್ಸರ್ ಥರದ ಹೊಸ ಗಾಡಿಯ ಫೋರ್ಕ್ ತರುತ್ತಾರೆ. ಬೆಂಗಳೂರಿನಲ್ಲಾದರೆ ಶಿವಾಜಿನಗರ ಇದೆ. ಕೋನ್ ಸೆಟ್ ಕೂರದಿದ್ದರೆ ಲೇತ್‌ನವನ ಹತ್ತಿರ ತುರಿಸಿ ಕೂರಿಸುತ್ತಾರೆ. ಗಾಡಿ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ವೇಗ ಅರವತ್ತು ದಾಟಿದ ಮೇಲೆ ಹ್ಯಾಂಡಲ್ ಅಲುಗುತ್ತದೆ. ಆಗ ಟೈರು ಬದಲಿಸುತ್ತಾರೆ, ಅಲೈನ್‌ಮೆಂಟ್ ಮಾಡಿಸುತ್ತಾರೆ. ಕೊನೆಗೆ ಆಯುಧಪೂಜೆಯ ದಿನ ಲಿಂಬೆಹಣ್ಣು ಸರಿಯಾಗಿ ಒಡೆಯಲಿಲ್ಲ ಎನ್ನುವಲ್ಲಿಗೆ ಬರುತ್ತಾರೆ. ಲಿಂಬೆಹಣ್ಣಿನದೇನೂ ತಪ್ಪಿಲ್ಲ. ತಪ್ಪಿದ್ದು ಟ್ರೇಲ್.

ಟ್ರೇಲ್ ಅಂದರೆ ಏನು? ಹ್ಯಾಂಡಲ್ ತಿರುಗುವ ಕಂಬವನ್ನು ಮನಸ್ಸಿನಲ್ಲೇ ಕೆಳಕ್ಕೆ ಎಳೆಯಿರಿ. ಅದು ವಾಲಿಕೊಂಡಿರುವುದರಿಂದ ಸ್ವಲ್ಪ ಮುಂದಕ್ಕೆ ಹೋಗಿ ನೆಲ ಮುಟ್ಟುತ್ತದೆ. ಟೈರು ನೆಲ ಮುಟ್ಟುವುದು ಅದಕ್ಕಿಂತ ಸ್ವಲ್ಪ ಹಿಂದೆ. ಈ ಎರಡರ ನಡುವಿನ ಅಂತರವೇ ಟ್ರೇಲ್. ರಸ್ತೆಯ ಬೈಕುಗಳಲ್ಲಿ ಇದು ಹೆಚ್ಚುಕಮ್ಮಿ 80ರಿಂದ 120 ಮಿ.ಮೀ. ಒಂದು ಗೇಣಿಗೂ ಕಡಿಮೆ. ಗಾಡಿಯ ಗುಣದಲ್ಲಿ ಜಾಸ್ತಿ ಪಾಲು ಈ ಅರ್ಧ ಗೇಣಿನದು.

ಕುರ್ಚಿಯ ಗಾಲಿ ನೋಡಿ. ಕುರ್ಚಿಯನ್ನು ಯಾವ ಕಡೆ ತಳ್ಳಿದರೂ ಗಾಲಿ ಗಿರಕಿ ಹೊಡೆದು ಹಿಂದಕ್ಕೆ ಹೋಗಿ ನಿಲ್ಲುತ್ತದೆ, ಎಳೆದವರ ಹಿಂದೆ ಬರುತ್ತದೆ. ಗಾಳಿಪಟದ ಬಾಲಂಗೋಚಿಯೂ ಹಾಗೇ. ಬಾಲ ಹಿಂದಿದ್ದರೆ ಪಟ ನೆಟ್ಟಗೆ, ಬಾಲ ಕಿತ್ತರೆ ಲಾಗ. ಎತ್ತು ಮುಂದೆ, ಗಾಡಿ ಹಿಂದೆ ಇದ್ದರೆ ಗಾಡಿ ತಾನಾಗಿ ಸಾಲಿಗೆ ಬರುತ್ತದೆ. ಅದೇ ಗಾಡಿಯನ್ನು ಹಿಂದಿನಿಂದ ತಳ್ಳಿ ನೋಡಿ, ಮೂಕಿ ಎಲ್ಲೆಲ್ಲೋ ತಿರುಗುತ್ತದೆ. ಬೈಕಿನ ಮುಂದಿನ ಚಕ್ರವೂ ಹೀಗೆ ಎಳೆಸಿಕೊಳ್ಳುವ ಚಕ್ರ. ಕಲ್ಲಿಗೆ ಸಿಕ್ಕಿ ಒಂದು ಕಡೆ ತಿರುಗಿದರೆ ನೆಲವೇ ಅದನ್ನು ಹಿಂದಕ್ಕೆ ತಳ್ಳಿ ನೆಟ್ಟಗೆ ಮಾಡುತ್ತದೆ. ಟ್ರೇಲ್ ಜಾಸ್ತಿ ಆದರೆ ಈ ತಳ್ಳುವ ಬಲ ಜಾಸ್ತಿ, ಹ್ಯಾಂಡಲ್ ಭಾರ. ಕಡಿಮೆ ಆದರೆ ಹ್ಯಾಂಡಲ್ ಹಗುರ, ಚಕ್ರಕ್ಕೆ ಚಂಚಲತೆ.

"ಚಕ್ರ ತಿರುಗುವಾಗ ಬುಗುರಿ ಥರ ನಿಲ್ಲುತ್ತದೆ, ಅದಕ್ಕೇ ಬೈಕ್ ಬೀಳುವುದಿಲ್ಲ" ಎಂದು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ, ಅಲ್ವಾ? ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ರಸಾಯನ ವಿಜ್ಞಾನಿಗೆ ಈ ಮಾತು ಸಾಕಾಗಲಿಲ್ಲ. ಯಾರಿಗೂ ಓಡಿಸಲಾಗದ ಸೈಕಲ್ ಒಂದನ್ನು ಮಾಡಬೇಕು ಅಂತ ಕೂತ. ಮೊದಲು ಮುಂದಿನ ಚಕ್ರದ ಪಕ್ಕ ಇನ್ನೊಂದು ಚಕ್ರ ಕಟ್ಟಿ ಉಲ್ಟಾ ತಿರುಗಿಸಿದ. ಬುಗುರಿ ಗುಣ ಅಲ್ಲಿಗೆ ರದ್ದು. ಸೈಕಲ್ ಸಲೀಸಾಗಿ ಓಡಿತು! ಆಮೇಲೆ ಚಕ್ರವನ್ನು ಮುಂದಕ್ಕೆ ಸರಿಸಿ ಟ್ರೇಲ್ ಕಳೆದ. ಆಗ ನೋಡಿ, ಓಡಿಸಲು ಪೇಚಾಟ ಶುರುವಾಯಿತು. 1970ರಲ್ಲಿ ಇದನ್ನು ಬರೆದು ಪ್ರಕಟಿಸಿದ. ಕಥೆ ಅಲ್ಲಿಗೇ ನಿಲ್ಲಲಿಲ್ಲ. 2011ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದವರು ಬುಗುರಿ ಗುಣವೂ ಇಲ್ಲದ, ಟ್ರೇಲೂ ಇಲ್ಲದ ಒಂದು ಪುಟ್ಟ ಸೈಕಲ್ ಮಾಡಿ ತೋರಿಸಿದರು. ತೂಕವನ್ನು ಲೆಕ್ಕ ಹಾಕಿ ಹಂಚಿದ್ದರಿಂದ ಅದೂ ತಾನಾಗಿಯೇ ಬ್ಯಾಲೆನ್ಸ್ ಮಾಡಿಕೊಂಡಿತು. ಹಾಗಾಗಿ ಟ್ರೇಲ್ ಒಂದೇ ದೇವರು ಎನ್ನಲಾಗದು. ಆದರೆ ಫೋರ್ಕ್ ಬದಲಿಸುವಾಗ ನಮ್ಮ ಕೈಯಲ್ಲಿ ಸುಲಭವಾಗಿ ಹಾಳಾಗುವುದು ಅದೇ.

ಹೇಗೆ ಹಾಳಾಗುತ್ತದೆ? ಎರಡು ಫೋರ್ಕ್ ಪೈಪುಗಳನ್ನು ಹಿಡಿಯುವ ಭಾಗವನ್ನು ನಮ್ಮ ಮೆಕ್ಯಾನಿಕ್‌ಗಳು 'ಟಿ' ಎನ್ನುತ್ತಾರೆ. ಟಿ-ಯ ನಡುವಿನ ಕಂಬ ಚಾಸಿಯೊಳಗೆ ಕೂರುತ್ತದೆ. ಪೈಪುಗಳು ಆ ಕಂಬದ ನೇರಕ್ಕೆ ಇರುವುದಿಲ್ಲ, ಒಂದಿಷ್ಟು ಮುಂದಿರುತ್ತವೆ. ಇದಕ್ಕೆ ಆಫ್‌ಸೆಟ್ ಅಂತ ಹೆಸರು. ಆಫ್‌ಸೆಟ್ ಜಾಸ್ತಿ ಆದಷ್ಟೂ ಟ್ರೇಲ್ ಕಡಿಮೆ. ಚಕ್ರ ಮುಂದಕ್ಕೆ ಚಾಚಿದರೆ ಗಾಡಿ ಸ್ಥಿರ ಎಂದು ಜನ ತಿಳಿದಿದ್ದಾರೆ. ಆಫ್‌ಸೆಟ್‌ನ ಮಟ್ಟಿಗೆ ಇದು ಪೂರ್ತಿ ಉಲ್ಟಾ.

ಒಂದು ಲೆಕ್ಕ ನೋಡೋಣ. ಚಕ್ರದ ತ್ರಿಜ್ಯ 300 ಮಿ.ಮೀ., ಕಂಬದ ವಾಲು 26 ಡಿಗ್ರಿ, ಆಫ್‌ಸೆಟ್ 45 ಮಿ.ಮೀ. ಇದ್ದರೆ ಟ್ರೇಲ್ ಸುಮಾರು 96 ಮಿ.ಮೀ. ಗುಜರಿಯಿಂದ ತಂದ ಟಿ-ಯ ಆಫ್‌ಸೆಟ್ 60 ಇದ್ದರೆ ಅದು 80ಕ್ಕೆ ಇಳಿಯಿತು. ರೋಡ್‌ಕಿಂಗ್‌ನ 18 ಇಂಚಿನ ಚಕ್ರದ ಜಾಗಕ್ಕೆ 17 ಇಂಚಿನದು ಬಂದರೆ ತ್ರಿಜ್ಯ ಒಂದು 13 ಮಿ.ಮೀ. ಕಡಿಮೆ, ಟ್ರೇಲ್‌ನಲ್ಲಿ ಇನ್ನೊಂದು 6 ಮಿ.ಮೀ. ಹೋಯಿತು. ಮುಂಭಾಗ ತಗ್ಗಿ ವಾಲು ಕಡಿಮೆ ಆಗುವುದರಿಂದ ಇನ್ನಷ್ಟು. ಈಗ ಬ್ರೇಕ್ ಹಿಡಿಯಿರಿ. ಡಿಸ್ಕ್ ಚೆನ್ನಾಗಿ ಕಚ್ಚುತ್ತದೆ, ಫೋರ್ಕ್ 60 ಮಿ.ಮೀ. ಕುಸಿಯುತ್ತದೆ, ವಾಲು ಎರಡೂವರೆ ಡಿಗ್ರಿಯಷ್ಟು ಕಡಿಮೆ ಆಗುತ್ತದೆ. 18 ಇಂಚಿನ ಚಕ್ರವೇ ಇದ್ದರೂ 80 ಇದ್ದ ಟ್ರೇಲ್ 65ರ ಹತ್ತಿರ. ಯಾವ ಹೊತ್ತಿಗೆ ಗಾಡಿ ನೆಟ್ಟಗೆ ಇರಬೇಕೋ ಅದೇ ಹೊತ್ತಿಗೆ ಬಾಲಂಗೋಚಿ ಮೊಟಕು.

ಬ್ರೇಕ್ ಹಿಡಿದಾಗ ಕುಸಿಯುವುದು ಈ ಕೊಳವೆ ಫೋರ್ಕಿನ ಹುಟ್ಟುಗುಣ. ಒಳಗೆ ಎಣ್ಣೆ ತುಂಬಿ ಕುಲುಕಾಟ ತಡೆಯುವ ಕೊಳವೆ ಫೋರ್ಕನ್ನು ಮಾರಾಟದ ಬೈಕಿಗೆ ಮೊದಲು ಹಾಕಿದ್ದು ಬಿಎಂಡಬ್ಲ್ಯು, 1935ರಲ್ಲಿ. ತಮಾಷೆ ಏನೆಂದರೆ 1955ರಲ್ಲಿ ಅದೇ ಕಂಪನಿ ಅದನ್ನು ಬಿಟ್ಟು, ಕುಸಿಯದ ಅರ್ಲ್ಸ್ ಫೋರ್ಕಿಗೆ ಹೋಯಿತು. ಅರವತ್ತರ ದಶಕದ ಕೊನೆಗೆ ಮತ್ತೆ ಕೊಳವೆಗೇ ವಾಪಸ್ ಬಂತು.

ಸರಿ, ಗುಜರಿಗೆ ಹೋಗೋಣ. ಜೇಬಿನಲ್ಲಿ ವರ್ನಿಯರ್, ಅಡಿಪಟ್ಟಿ, ದಾರ ಇರಲಿ. ಹೊರಡುವ ಮುಂಚೆ ಮನೆಯಲ್ಲೇ ನಿಮ್ಮ ಗಾಡಿಯ ಟ್ರೇಲ್ ಅಳೆದುಕೊಳ್ಳಿ. ಗಾರೆಯವರ ತೂಗುಗುಂಡನ್ನು ಆಕ್ಸಲ್‌ನಿಂದ ಇಳಿಬಿಟ್ಟು ನೆಲದ ಮೇಲೆ ಚಾಕ್‌ನಿಂದ ಗುರುತು ಹಾಕಿ. ಚಾಸಿಯ ಕಂಬದ ವಾಲಿನಲ್ಲೇ ಒಂದು ನೇರ ಕೋಲು ಹಿಡಿದು ಅದು ನೆಲ ಮುಟ್ಟುವ ಕಡೆ ಇನ್ನೊಂದು ಗುರುತು. ಎರಡರ ನಡುವೆ ಅಳೆದರೆ ಬಂತು.

ಅಂಗಡಿಯಲ್ಲಿ ಟಿ-ಯನ್ನು ಮಗುಚಿ ಹಾಕಿ. ಎರಡು ಪೈಪ್ ತೂತುಗಳ ನಡುಮಧ್ಯಕ್ಕೆ ಅಡಿಪಟ್ಟಿ ಇಟ್ಟು, ಅಲ್ಲಿಂದ ಕಂಬದ ನಡುಮಧ್ಯಕ್ಕೆ ಎಷ್ಟಿದೆ ಅಂತ ನೋಡಿ. ಅದೇ ಆಫ್‌ಸೆಟ್. ಕೆಲವು ಫೋರ್ಕುಗಳಲ್ಲಿ ಆಕ್ಸಲ್ ಪೈಪಿನ ನೇರಕ್ಕಿರದೆ ಮುಂದಿರುತ್ತದೆ. ಆ ಅಳತೆಯನ್ನೂ ಕೂಡಿಸಬೇಕು.

ಕೋನ್ ಸೆಟ್ ವಿಷಯಕ್ಕೆ ಲೇತ್ ಕೊನೇ ದಾರಿ. ಅದಕ್ಕೆ ಮುಂಚೆ ಬೇರಿಂಗ್ ಅಂಗಡಿಯ ಕ್ಯಾಟಲಾಗ್ ಇದೆ. ಬೇರಿಂಗ್ ಮೇಲಿನ ನಂಬರ್ ಒಂದು ಒಗಟು. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ. 04ರಿಂದ ಮೇಲಕ್ಕೆ ಈ ಸೂತ್ರ ನಡೆಯುತ್ತದೆ. 32005, 30205 ಎರಡಕ್ಕೂ ಒಳತೂತು 25 ಮಿ.ಮೀ. ಹೊರಗಿನ ಅಳತೆ ಒಂದಕ್ಕೆ 47, ಇನ್ನೊಂದಕ್ಕೆ 52. ಅಂದರೆ ಒಂದೇ ಕಂಬ ಎರಡು ಬೇರೆ ಬೇರೆ ಚಾಸಿಗೆ ಕೂರಬಹುದು, ಒಂದು ಕಣ ಕಬ್ಬಿಣವನ್ನೂ ತುರಿಯದೆ. ಫೋರ್ಕಿನ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಕೂಡ ಹೀಗೇ. ಗಾಡಿಯ ಹೆಸರು ಹೇಳಿ ಕೇಳಬೇಡಿ. ಸೀಲ್ ಮೇಲೆ ಒಳಗಿನದು, ಹೊರಗಿನದು, ದಪ್ಪ ಅಂತ ಮೂರು ಅಂಕಿ ಇರುತ್ತವೆ. ಅದನ್ನು ಹೇಳಿ. ಕಂಬ ಗಿಡ್ಡ ಅಂತ ತುಂಡು ಸೇರಿಸಿ ವೆಲ್ಡಿಂಗ್ ಮಾಡುವವರಿದ್ದಾರೆ. ಅವರ ಅಂಗಡಿಯಿಂದ ಎದ್ದು ಬನ್ನಿ.

ಪೈಪ್ ಸೊಟ್ಟ ಇದೆಯೋ ನೋಡಲು ಗಾಜಿನ ಮೇಲೆ ಉರುಳಿಸಿ. ಅಡಿಯಲ್ಲಿ ಬೆಳಕು ಕಂಡು ಮಾಯವಾಗುತ್ತಿದ್ದರೆ ಸೊಟ್ಟ. ಬಗ್ಗುವುದು ಸಾಮಾನ್ಯವಾಗಿ ಕೆಳಗಿನ ಟಿ-ಯ ಕೆಳಗೇ. ಕ್ರೋಮ್ ಮೇಲೆ ಉಗುರು ಆಡಿಸಿ. ಸೀಲ್ ಓಡಾಡುವ ಜಾಗದಲ್ಲಿ ಉಗುರು ಸಿಕ್ಕಿಕೊಂಡರೆ ಬೇಡ. ಟಿ-ಯೊಳಗೆ ಮುಚ್ಚಿಹೋಗುವ ಭಾಗದಲ್ಲಿ ತುಕ್ಕಿದ್ದರೆ ನಡೆಯುತ್ತದೆ. ದಪ್ಪ ಪೈಪಿನ ಹುಚ್ಚು ಪೂರ್ತಿ ಸುಳ್ಳಲ್ಲ. 30ರ ಬದಲು 33 ಮಿ.ಮೀ. ಇದ್ದರೆ, ಗೋಡೆಯ ದಪ್ಪ ಅಷ್ಟೇ ಇದ್ದರೂ, ಬಗ್ಗದಿರುವ ಶಕ್ತಿ ಮೂರರಲ್ಲಿ ಒಂದು ಪಾಲು ಏರುತ್ತದೆ. ಆದರೆ ಅದು ಟ್ರೇಲ್‌ಗೆ ಬದಲಿಯಲ್ಲ.

ನಾನು ಮೊದಲ ಸಲ ಒಂದು ಅಂಗಡಿಯಲ್ಲಿ ಬರೀ ಪೈಪುಗಳನ್ನು ತಂದೆ. ಜೋಡಿ ಅಂತಲೇ ಕೊಟ್ಟಿದ್ದರು. ಮನೆಗೆ ಬಂದು ಪಕ್ಕಪಕ್ಕ ನಿಲ್ಲಿಸಿದರೆ ಒಂದು ಇನ್ನೊಂದಕ್ಕಿಂತ 4 ಮಿ.ಮೀ. ಉದ್ದ. ಎರಡು ಬೇರೆ ಬೇರೆ ಮಾಡೆಲ್‌ನವು! ಎರಡನೇ ಸಲ ಬುದ್ಧಿ ಬಂತು. ಟಿ, ಪೈಪ್, ಬಾಟಮ್, ಆಕ್ಸಲ್, ಸ್ಪೇಸರ್, ಚಕ್ರ, ಕ್ಯಾಲಿಪರ್, ಮೀಟರ್ ವರ್ಮ್, ಎಲ್ಲ ಒಂದೇ ಗಾಡಿಯದು, ಬಿಚ್ಚುವ ಮುಂಚೆಯೇ ನೋಡಿ ತಂದೆ. ಸ್ವಲ್ಪ ಜಾಸ್ತಿ ಕೊಟ್ಟೆ. ಸ್ಪೇಸರ್ ಹುಡುಕಿ ಅಲೆಯುವ ಮೂರು ಭಾನುವಾರ ಉಳಿದವು. ಅಂದಹಾಗೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಟಿನ ಬಗ್ಗೆಯೇ ಇದೆ. ದುಡ್ಡು ಹಾಕುವ ಮುಂಚೆ ಓದಿಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ ತೂಗುಗುಂಡನ್ನು ಮತ್ತೆ ಇಳಿಬಿಡಿ. ಮೊದಲು ಅಳೆದಿದ್ದ ಟ್ರೇಲ್ಗಿಂತ ಹೊಸದು ಸ್ವಲ್ಪ ಕಡಿಮೆ ಬಂದರೆ ಪೈಪುಗಳನ್ನು ಟಿ-ಯಲ್ಲಿ ಕೆಳಗಿಳಿಸಿ ನೋಡಿ. ಮುಂಭಾಗ 25 ಮಿ.ಮೀ. ಎದ್ದರೆ ಟ್ರೇಲ್ 6 ಮಿ.ಮೀ.ನಷ್ಟು ವಾಪಸ್ ಬರುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಬೇರೆ ಟಿ ಹುಡುಕಬೇಕು. ಆಮೇಲೆ ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡಿಸಿ, ಬ್ರೇಕ್ ಹಿಡಿದು ನೋಡಿ. ಒಂದಿನ್ನೂರು ಕಿ.ಮೀ. ಆದ ಮೇಲೆ ಕೋನ್ ಸೆಟ್ ಬಿಗಿ ಇನ್ನೊಮ್ಮೆ ನೋಡಬೇಕು. ಹೊಸ ಬೇರಿಂಗ್ ಅಷ್ಟು ಹೊತ್ತಿಗೆ ಒಂದು ಚೂರು ಕೂತಿರುತ್ತದೆ.