ಮಗು ಹೇಳದೆ ಉಳಿಯುವ ಕಣ್ಣಿನ ತೊಂದರೆ

ಒಂದು ಕಣ್ಣು ಚೆನ್ನಾಗಿ ಕಾಣುತ್ತಿದ್ದರೆ, ಇನ್ನೊಂದು ಮಸುಕಾಗಿದೆ ಎಂದು ಮಗು ಹೇಳುವುದೇ ಇಲ್ಲ. ಹೇಳಬೇಕಾದರೆ ಮೊದಲು ಅದಕ್ಕೆ ಗೊತ್ತಾಗಬೇಕಲ್ವಾ? ಹುಟ್ಟಿದಾಗಿನಿಂದ ಲೋಕ ಕಂಡದ್ದೇ ಹಾಗೆ. ಒಂದೇ ಕಣ್ಣಿನ ಬಲದಲ್ಲಿ ಅದು ಓದುತ್ತದೆ, ಓಡುತ್ತದೆ, ಬಯಲಾಟಕ್ಕೆ ಹೋದರೆ ದೂರದಿಂದಲೇ ವೇಷಗಳನ್ನು ಗುರುತಿಸುತ್ತದೆ. ಮನೆಯವರಿಗೆ ಅನುಮಾನ ಬರುವುದಾದರೂ ಹೇಗೆ?

ವೈದ್ಯರು ಇದನ್ನು ಆಂಬ್ಲಿಯೋಪಿಯಾ ಎನ್ನುತ್ತಾರೆ. ಎರಡು ಕಣ್ಣಿನ ನಂಬರ್‌ನಲ್ಲಿ ತುಂಬಾ ವ್ಯತ್ಯಾಸ ಇದ್ದರೆ ಬರುತ್ತದೆ. ಮೆಳ್ಳಗಣ್ಣಿನಿಂದಲೂ ಬರುತ್ತದೆ. ಅಪರೂಪಕ್ಕೆ ಹುಟ್ಟುವಾಗಲೇ ಇರುವ ಪೊರೆಯಿಂದ. ಎರಡು ಕಣ್ಣುಗಳ ಚಿತ್ರ ಒಂದಕ್ಕೊಂದು ಹೊಂದದಿದ್ದಾಗ ಮಿದುಳು ಚೆನ್ನಾಗಿರುವುದನ್ನು ಇಟ್ಟುಕೊಂಡು ಮತ್ತೊಂದನ್ನು ಬಿಡುತ್ತದೆ. ಆಮೇಲೆ ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದೇ ಇಲ್ಲ.

1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲಕಾಲ ಮುಚ್ಚಿಟ್ಟರು. ತೆರೆದಾಗ ಕಣ್ಣಿಗೆ ಏನೂ ಆಗಿರಲಿಲ್ಲ. ಆದರೆ ಮಿದುಳಿನಲ್ಲಿ ಆ ಕಣ್ಣಿಗೆ ಸ್ಪಂದಿಸುವ ಕೋಶಗಳು ಬಹಳ ಕಡಿಮೆಯಾಗಿದ್ದವು. ದೊಡ್ಡ ಬೆಕ್ಕುಗಳ ಕಣ್ಣು ಮುಚ್ಚಿದಾಗ ಹೀಗಾಗಲಿಲ್ಲ. ನೋಡಲು ಕಲಿಯುವುದಕ್ಕೂ ಒಂದು ಪ್ರಾಯ ಇದೆ ಎಂದು ಗೊತ್ತಾದದ್ದು ಹೀಗೆ. ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು. ನಮ್ಮ ಮಕ್ಕಳಿಗೆ ಆ ಪ್ರಾಯ ಸುಮಾರು ಏಳೆಂಟು ವರ್ಷದವರೆಗೆ. ನಂತರವೂ ಸ್ವಲ್ಪ ಸುಧಾರಿಸಬಹುದು, ಆದರೆ ಅಷ್ಟು ಸುಲಭವಲ್ಲ.

ಹಾಗಾಗಿಯೇ "ಮೆಳ್ಳಗಣ್ಣು ಅದೃಷ್ಟ, ದೊಡ್ಡದಾದ ಮೇಲೆ ಸರಿಯಾಗುತ್ತದೆ" ಎಂಬ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಮೊದಲ ಮೂರ್ನಾಲ್ಕು ತಿಂಗಳು ಕೂಸಿನ ಕಣ್ಣು ಆಗಾಗ ಓರೆಯಾಗುವುದು ಸಹಜ. ಆಮೇಲೂ ಹಾಗೇ ಇದ್ದರೆ ಸುಮ್ನೆ ಕಾಯಬಾರದು.

ಮನೆಯಲ್ಲೇ ಒಂದು ವಿಷಯ ನೋಡಬಹುದು. ಮಗು ಚಿತ್ರ ನೋಡುತ್ತಿರುವಾಗ ಒಂದು ಕಣ್ಣನ್ನು ನಿಮ್ಮ ಅಂಗೈಯಿಂದ ಮುಚ್ಚಿ, ಆಮೇಲೆ ಇನ್ನೊಂದನ್ನು. ಒಂದು ಕಡೆ ಮುಚ್ಚಿದಾಗ ಮಾತ್ರ ಮಗು ಅತ್ತರೆ, ಕೈ ತಳ್ಳಿದರೆ, ಇನ್ನೊಂದು ಕಣ್ಣಿಗೆ ಸರಿ ಕಾಣದಿರಬಹುದು. ಮಗುವೇ ಕೈ ಇಟ್ಟುಕೊಂಡರೆ ಬೆರಳ ಸಂದಿಯಿಂದ ಇಣುಕುತ್ತದೆ, ಹಾಗಾಗಿ ಕೈ ನಿಮ್ಮದೇ ಇರಲಿ. ಮಗು ಸುಮ್ಮನಿದ್ದರೂ ಶಾಲೆ ಸೇರುವ ಮೊದಲು ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲದ ಕೆಎಂಸಿ, ಎಲ್ಲ ಕಡೆ ಕಣ್ಣಿನ ವಿಭಾಗ ಇದೆ.

ಚಿಕಿತ್ಸೆ ಕನ್ನಡಕದಿಂದ ಶುರು. ಅಷ್ಟರಿಂದಲೇ ಎಷ್ಟೋ ಮಕ್ಕಳ ದೃಷ್ಟಿ ಏರುತ್ತದೆ. ಸಾಲದಿದ್ದರೆ ಒಳ್ಳೆಯ ಕಣ್ಣಿಗೆ ಪ್ಯಾಚ್ ಹಾಕಿ, ಹಿಂದೆ ಬಿದ್ದ ಕಣ್ಣಿಗೆ ಕೆಲಸ ಕೊಡುತ್ತಾರೆ. ತೊಂದರೆ ಮಧ್ಯಮ ಮಟ್ಟದ್ದಾದರೆ ಸಾಮಾನ್ಯವಾಗಿ ದಿನಕ್ಕೆ 2 ಗಂಟೆ ಸಾಕು. ಕೇಳಲು ಸಣ್ಣ ಕೆಲಸ, ಮಾಡಿಸುವ ತಾಯಿಗೆ ಮಾತ್ರ ಅದರ ಕಷ್ಟ ಗೊತ್ತು. ಸಂಜೆ ಮನೆಯಲ್ಲಿ, ಬಣ್ಣ ಹಚ್ಚುವಾಗಲೋ ಕತೆ ಪುಸ್ತಕ ನೋಡುವಾಗಲೋ ಹಾಕಿದರೆ ಜಗಳ ಕಡಿಮೆ. "ಹೆಣ್ಣು ಮಗುವಿಗೆ ಇಷ್ಟು ಸಣ್ಣ ಪ್ರಾಯಕ್ಕೇ ಕನ್ನಡಕವಾ?" ಎನ್ನುವ ನೆಂಟರ ಮಾತಿಗೆ ದಯವಿಟ್ಟು ಕಿವಿ ಕೊಡಬೇಡಿ.

ದೂರದ್ದು ಕಾಣದ ಸಮೀಪದೃಷ್ಟಿ ಬೇರೆಯೇ ಕತೆ. ಅಲ್ಲಿ ಕಣ್ಣುಗುಡ್ಡೆ ಉದ್ದವಾಗುತ್ತಾ ಹೋಗುತ್ತದೆ. ಹೊರಗಿನ ಬೆಳಕಿನಲ್ಲಿ ಜಾಸ್ತಿ ಆಡುವ ಮಕ್ಕಳಲ್ಲಿ ಇದು ಶುರುವಾಗುವುದು ಕಡಿಮೆ. ತೈವಾನ್ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳಿಸಲು ಹೊರಟಿದ್ದು ಇದಕ್ಕೇ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಮಕ್ಕಳು ಒಳಗೇ, ಕೈಯಲ್ಲಿ ಮೊಬೈಲ್. ಆದರೆ ಮೋಡ ಕವಿದ ಹಗಲಿನಲ್ಲೂ ಅಂಗಳದ ಬೆಳಕು ಕೋಣೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು. ಮಳೆ ಬಿಟ್ಟಾಗ ಹೊರಗೆ ಬಿಡಿ.

ಎರಡು ಸಂದರ್ಭಗಳಲ್ಲಿ ಮಾತ್ರ ತಡ ಮಾಡುವಂತೆಯೇ ಇಲ್ಲ. ಫ್ಲ್ಯಾಶ್ ಹಾಕಿದ ಫೋಟೋದಲ್ಲಿ ಮಗುವಿನ ಪಾಪೆ ಬೆಳ್ಳಗೆ ಕಂಡರೆ ಅದು ಪೊರೆ ಇರಬಹುದು, ಕಣ್ಣಿನ ಕ್ಯಾನ್ಸರ್ ಕೂಡ ಇರಬಹುದು. ಆ ವಾರವೇ ತೋರಿಸಿ. ಇನ್ನೊಂದು, ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಕೂಸು. ಅದರ ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ಪರದೆಯ, ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ ಆಗಲೇಬೇಕು. ಆಸ್ಪತ್ರೆಯಿಂದ ಮನೆಗೆ ಹೊರಡುವಾಗಲೇ ಆ ತಾರೀಕು ಕೇಳಿ ಬರೆಸಿಕೊಳ್ಳಿ.